ಹೊಸ್ತಿಲಕ್ಕ ಕಟ್ಟಿದ ಗ್ರಂಥಾಲಯ

ಊರವರು ಆಕೆಯನ್ನು ಹೊಸ್ತಿಲಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆಕೆ ಆರ್ಕಿಟೆಕ್ಟ್. ಯಾವ ಹೊಸ ಕಟ್ಟಡಕ್ಕೆ ಹೋದರೂ ಮೊದಲು ಹೊಸ್ತಿಲನ್ನು ಕಾಲಿನಿಂದ ತಟ್ಟಿ, ಇದು ಯಾಕೆ ಬೇಕಿತ್ತು ಎಂದು ಕೇಳುತ್ತಿದ್ದಳು. ಕಟ್ಟಿಸಿದವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅಡ್ಡಹೆಸರು ಕಿವಿಗೆ ಬಿದ್ದಾಗ ಆಕೆ, ಇದಕ್ಕಿಂತ ಕೆಟ್ಟದ್ದು ಇಡಬಹುದಿತ್ತಲ್ಲ ಎಂದು ನಕ್ಕು ಸುಮ್ಮನಾದಳು.

ಆ ಪ್ರಶ್ನೆ ಹುಟ್ಟಿದ್ದು ಚಿಕ್ಕಮ್ಮನಿಂದ. ತಾಯಿ ತೀರಿಕೊಂಡ ಮೇಲೆ ಹೊಸ್ತಿಲಕ್ಕನನ್ನು ಸಾಕಿದವಳು ಆ ಚಿಕ್ಕಮ್ಮನೇ. ಎಳವೆಯಲ್ಲಿ ಪೋಲಿಯೊ ಬಂದು ಅವಳ ಕಾಲುಗಳ ಸ್ವಾಧೀನ ಹೋಗಿತ್ತು. ಗಾಲಿಕುರ್ಚಿಯಲ್ಲಿ ಕೂತೇ ಬಟ್ಟೆ ಹೊಲಿದು ಮನೆ ನಡೆಸಿದ ಗಟ್ಟಿಗಿತ್ತಿ ಅವಳು. ಬಾಯಿಯೂ ಅಷ್ಟೇ ಗಟ್ಟಿ. ಒಮ್ಮೆ ನೆಂಟರ ಮದುವೆಗೆ ಹೋದಾಗ, ಮೆಟ್ಟಿಲ ಬಳಿ ನಾಲ್ವರು ಗಂಡಸರು ಅವಳನ್ನು ಕುರ್ಚಿಸಮೇತ ಎತ್ತಿದರು. “ನಿಧಾನ ಕಣ್ರಪ್ಪ. ನಾಲ್ಕು ಜನ ಎತ್ತೋ ಕಾಲ ನಂಗಿನ್ನೂ ಬಂದಿಲ್ಲ, ಊಟಾನೂ ಆಗಿಲ್ಲ” ಎಂದಳು ಚಿಕ್ಕಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿದ್ದ ಹುಡುಗಿಗೆ ಮಾತ್ರ, ಕುರ್ಚಿಯ ಕೈ ಹಿಡಿದ ಚಿಕ್ಕಮ್ಮನ ಬೆರಳುಗಳು ಬಿಳಿಚಿಕೊಂಡಿದ್ದು ಕಂಡಿತು.

ಊರಿಗೊಂದು ಹೊಸ ಗ್ರಂಥಾಲಯ ಕಟ್ಟುವ ಕೆಲಸ ಬಂದಾಗ ಅದು ಹೊಸ್ತಿಲಕ್ಕನ ಕೈ ಸೇರಿತು. ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಪುಸ್ತಕ ಎಂದರೆ ಪ್ರಾಣ ಬಿಡುವ ಒಳ್ಳೆಯ ಮನುಷ್ಯ. ಆದರೆ ಗ್ರಂಥಾಲಯದ ಮುಂದೆ ಅಗಲವಾದ ಮೆಟ್ಟಿಲ ಸಾಲು ಇರಲೇಬೇಕು, ಜ್ಞಾನದ ಕಡೆಗೆ ಹತ್ತಿ ಹೋಗಬೇಕು ಎಂಬುದು ಅವರ ಹಟ. ಆಗದವರಿಗೆ ಹಿಂದುಗಡೆ, ಶೌಚಾಲಯದ ಪಕ್ಕ ಒಂದು ಇಳಿಜಾರು ಮಾಡಿದರಾಯಿತಲ್ಲ ಎಂದರು. ಎಲ್ಲರಿಗೂ ಬಾಗಿಲು ಒಂದೇ ಇರಲಿ ಎಂದು ಹೊಸ್ತಿಲಕ್ಕ ಸಭೆಯಿಂದ ಸಭೆಗೆ ಗಂಟಲು ಹರಿದುಕೊಂಡಳು. ಗೋಡೆಗೆ ಹೇಳಿದ್ದರೂ ಅದಕ್ಕಿಂತ ವಾಸಿಯಿತ್ತು.

ಕೊನೆಗೆ ಒಂದು ಸಭೆಗೆ ಚಿಕ್ಕಮ್ಮನನ್ನೇ ಕರೆದುಕೊಂಡು ಹೋದಳು. ಸಭೆ ಇದ್ದದ್ದು ಮಹಡಿಯ ಮೇಲೆ, ಲಿಫ್ಟ್ ಇರಲಿಲ್ಲ. ಎತ್ತಿಕೊಂಡು ಹೋಗಲು ಇಬ್ಬರು ಇಳಿದು ಬಂದರು. ಚಿಕ್ಕಮ್ಮ ಬೇಡವೆಂದಳು. ತನಗೇನೂ ಅವಸರವಿಲ್ಲ, ಮೇಲಿದ್ದವರಿಗೆ ಪುರುಸೊತ್ತಾದಾಗ ಇಳಿದು ಬರಲಿ ಎಂದು ಹೇಳಿಕಳಿಸಿ ಅಂಗಳದಲ್ಲೇ ಕೂತಳು. ಸ್ವಲ್ಪ ಹೊತ್ತು ಗುಸುಗುಸು ನಡೆದು, ಕಡೆಗೆ ಮೇಷ್ಟ್ರೇ ಮುಂದಾಗಿ ಇಳಿದರು. ಉಳಿದವರು ತಮ್ಮ ತಮ್ಮ ಕುರ್ಚಿ ಹೊತ್ತು ಹಿಂಬಾಲಿಸಿದರು.

“ಮೇಷ್ಟ್ರೇ, ನಾನು ಇಷ್ಟು ವರ್ಷ ಓದಿದ್ದೆಲ್ಲ ಇವಳು ಲೈಬ್ರರಿಯಿಂದ ತಂದುಕೊಟ್ಟಿದ್ದು” ಎಂದಳು ಚಿಕ್ಕಮ್ಮ. “ಚೆನ್ನಾಗಿರೋದನ್ನೇ ತಂದಿದಾಳೆ, ಇಲ್ಲ ಅನ್ನಲ್ಲ. ಆದ್ರೆ ಕಪಾಟಿನ ಮುಂದೆ ಹೋಗಿ, ನಾಲ್ಕು ಪುಟ ತಿರುವಿ, ಇದು ನಂಗೆ ಬೇಡ ಅಂತ ವಾಪಸ್ ಇಟ್ಟಿದ್ದೇ ಇಲ್ಲ ನಾನು.”

ಪುಸ್ತಕವನ್ನು ಆರಿಸುವ ಸುಖವನ್ನು ಮೇಷ್ಟ್ರಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ. “ಮೆಟ್ಟಿಲು ತೆಗೀರಮ್ಮ” ಎಂದರು ಹೊಸ್ತಿಲಕ್ಕನಿಗೆ. “ಹಿಂದಿನ ಬಾಗಿಲೂ ಬೇಡ.”

ಇಂಜಿನಿಯರ್ ಒಪ್ಪಲಿಲ್ಲ. ಬಾಗಿಲು ನೆಲಮಟ್ಟದಲ್ಲಿದ್ದರೆ ಮಳೆನೀರು ನೆಟ್ಟಗೆ ಒಳಗೆ ಬರುತ್ತದೆ, ಪುಸ್ತಕಗಳು ತೇಲುತ್ತವೆ ಎಂದ. ಮಾತು ನ್ಯಾಯವಾಗಿಯೇ ಇತ್ತು. ಹೊಸ್ತಿಲಕ್ಕ ನಕ್ಷೆಯ ಮೇಲೆ ಮತ್ತೆ ಮತ್ತೆ ಕೂತಳು. ಬೀದಿಯಿಂದ ಬಾಗಿಲವರೆಗೆ ಇಡೀ ಅಂಗಳವನ್ನೇ, ಏರುತ್ತಿದ್ದೇವೆಂದು ಕಾಲಿಗೆ ಗೊತ್ತಾಗದಷ್ಟು ನಯವಾಗಿ ಏರಿಸಿದಳು. ಬಾಗಿಲ ಮುಂದೆ ಉದ್ದಕ್ಕೂ ಚರಂಡಿ ತೋಡಿಸಿ, ಗಾಲಿ ಸಿಕ್ಕದಂಥ ಸಣ್ಣ ಕಂಡಿಯ ಜಾಲರಿಯಿಂದ ಮುಚ್ಚಿಸಿದಳು. ಟ್ಯಾಂಕರ್ ತರಿಸಿ ಬಾಗಿಲಿಗೇ ನೀರು ಬಿಡಿಸಿದ ದಿನ ಇಂಜಿನಿಯರ್ ಒಳಗೆ ಬರಿಗಾಲಲ್ಲಿ ಕಾದು ನಿಂತ. ನೀರು ಜಾಲರಿಯೊಳಗೆ ಗುಳುಗುಳು ಇಳಿದು ಹೋಯಿತು. ಅವನು ಬಗ್ಗಿ ನೆಲ ಮುಟ್ಟಿ ನೋಡಿದ. ಮುಂದಿನ ಕಟ್ಟಡಕ್ಕೂ ಇದನ್ನೇ ಮಾಡೋಣ ಎಂದ.

ಇದಕ್ಕೂ ಮೊದಲು, ಪಾಯ ತೋಡುವ ಮುನ್ನ, ಕಪಾಟು ಕೋಣೆಗಳ ಅಳತೆಗೆ ಆಕೆ ಕಾಗದವನ್ನು ನಂಬಿರಲಿಲ್ಲ. ಬಯಲಿನಲ್ಲಿ ಸುಣ್ಣದ ಪುಡಿಯಿಂದ ಇಡೀ ಗ್ರಂಥಾಲಯವನ್ನು ನಿಜ ಅಳತೆಯಲ್ಲೇ ಬರೆಸಿ ಚಿಕ್ಕಮ್ಮನನ್ನು ಅದರೊಳಗೆ ಓಡಾಡಿಸಿದ್ದಳು. ಓದುವ ಕೋಣೆಯಲ್ಲಿ ಕುರ್ಚಿ ಸಲೀಸಾಗಿ ತಿರುಗಿತು. ಶೌಚಾಲಯದಲ್ಲಿ ಗಾಲಿ ಗೆರೆ ದಾಟಿತು. “ನಿನ್ನ ಗೋಡೆ ಬಿತ್ತು ಕಣೇ” ಎಂದಳು ಚಿಕ್ಕಮ್ಮ. ಗೆರೆ ಅಳಿಸಿ ಹಿಂದೆ ಸರಿಸಿದ್ದಾಯಿತು. ಕಣ್ಣು ಕಾಣದ ಸಂಗೀತದ ಮೇಡಂ ಕೋಲು ತಟ್ಟುತ್ತ ಬಂದು, ಹಜಾರದ ನಡುವೆ ಕಂಬಗಳಿವೆ ಎಂದು ಕೇಳಿದ್ದೇ ತಡ, ಹಣೆ ಮುಟ್ಟಿಕೊಂಡರು. ಆ ಹಣೆಗೂ ಕಂಬಗಳಿಗೂ ಹಳೆಯ ಪರಿಚಯವಂತೆ. ಕಂಬಗಳು ಗೋಡೆಯ ಪಕ್ಕಕ್ಕೆ ಹೋದವು. ಬಾಗಿಲಿಂದ ಮೇಜಿನವರೆಗೆ ಕೋಲಿಗೆ ಸಿಕ್ಕುವಂತೆ ಗೀರು ಕೊರೆದ ಕಲ್ಲಿನ ಪಟ್ಟಿ ಬಂತು.

ಗ್ರಂಥಾಲಯ ತೆರೆದ ವಾರ ಪತ್ರಿಕೆಯವರು ಬಂದು ಎತ್ತರದ ಚಾವಣಿಯನ್ನೂ ದೊಡ್ಡ ಕಿಟಕಿಗಳನ್ನೂ ಹೊಗಳಿ ಬರೆದರು. ಬಾಗಿಲ ಬಗ್ಗೆ ಒಂದಕ್ಷರವಿಲ್ಲ. ಹೊಸ್ತಿಲಕ್ಕನ ಗಂಡ ಅದನ್ನು ಓದಿ ಸಿಡಿಮಿಡಿಗೊಂಡ. ಹೊಸ್ತಿಲಕ್ಕನಿಗೆ ಹಾಗನ್ನಿಸಲಿಲ್ಲ. ಬೆಳಗಿನ ಹೊತ್ತು ಎದುರಿನ ಬೆಂಚಿನಲ್ಲಿ ಕೂತು ನೋಡಿದ್ದಳಲ್ಲ. ಮಗುವಿನ ತಳ್ಳುಗಾಡಿಯವಳು, ಮಂಡಿನೋವಿನ ಅಜ್ಜ, ಪುಸ್ತಕದ ಕಟ್ಟು ಹೇರಿಕೊಂಡ ಕೈಗಾಡಿಯವನು, ಎಲ್ಲರೂ ಮಾತು ನಿಲ್ಲಿಸದೆ ಒಳಗೆ ಹೋಗುತ್ತಿದ್ದರು.

ಈಗ ಶನಿವಾರ ಮಧ್ಯಾಹ್ನ ಚಿಕ್ಕಮ್ಮ ಮನೆಯಲ್ಲಿ ಸಿಗುವುದಿಲ್ಲ. ಯಾರನ್ನೂ ಜೊತೆಗೆ ಕರೆಯುವುದೂ ಇಲ್ಲ. ಮೇಷ್ಟ್ರೂ ಅವಳೂ ಕಾದಂಬರಿಗಳ ಮೇಲೆ ಜಗಳ ತೆಗೆದು, ಸದ್ದು ಕಡಿಮೆ ಮಾಡಿ ಎಂದು ಎರಡು ಸಲ ಹೇಳಿಸಿಕೊಂಡಿದ್ದಾರೆ. ಗಂಡನೂ ಆ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಿದ್ದ; ಮೊದಮೊದಲು ಹೊಸ್ತಿಲಕ್ಕನಿಗೆ ಮನೆ ಬಿಕೋ ಎನ್ನಿಸಿತು. ಆಮೇಲೆ ತಾನೊಬ್ಬಳಿಗೇ ಚಹಾ ಮಾಡಿಕೊಂಡು, ಹೊಸ ಆಸ್ಪತ್ರೆಯ ನಕ್ಷೆ ಹರಡಿ ಕೂತಳು.