ಕೊಸರಿನ ಕಂಬಳಿ

ತುಂಬಿದ ಗಾಡಿಯ ಸದ್ದೇ ಬೇರೆ. ವಿಜಾಪುರದ ಅಥಣಿ ರಸ್ತೆಯ ಜಗಲಿಯ ಮೇಲೆ ಕೂತಿದ್ದ ಗುರುಪಾದಯ್ಯ ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. ಎತ್ತದೆಯೇ ಅವನಿಗೆ ತಿಳಿಯಿತು. ಟಿಕೋಟದ ಸಿದ್ದರಾಯನ ಕಂಬಳಿಗಳು ಎರಡನೇ ಸಲವೂ ಹೊಳೆಯಾಚೆಯ ಸುಂಕದ ನಾಕಾ ದಾಟದೆ ತಿರುಗಿ ಬಂದಿದ್ದವು.

“ಈ ಸಲ ಏನಂತ?” ಎಂದು ಕೇಳಿದ.

ಸಿದ್ದರಾಯ ಗಾಡಿಯಿಂದ ಇಳಿದು ಜಗಲಿಯ ಕೆಳಗೇ ನಿಂತ. “ಮೊಳದ ಲೆಕ್ಕ ನಡೆಯಂಗಿಲ್ಲಂತ್ರಿ ಅಯ್ಯಾರ. ಗಜದ ಲೆಕ್ಕ ಬೇಕಂತ. ನಿಮ್ಮವ್ವನ ಮೊಳ ಬ್ಯಾರೆ, ನಿಮ್ಮ ಕಾಕಾನ ಮೊಳ ಬ್ಯಾರೆ, ಯಾರ ಕೈ ನಂಬೂಣು ಅಂತ ನಕ್ಕಬಿಟ್ರು.”

“ನಗಲಾರದ ಅಳತಾರೇನು? ಗಜದಿಂದ ಅಳದು ತಾ ಅಂತ ನಾ ಹೇಳಿದ್ನೋ ಇಲ್ಲೋ?”

“ಹೇಳಿದ್ರಿ.”

“ಮತ್ತ?”

“ಅರಿವಿ ಅಂಗಡಿಯಾವ ಗಜ ಕೊಡಲಿಲ್ರಿ. ಆಮ್ಯಾಲ ನಮ್ಮವ್ವ ಅಂದ್ಳು, ಮೊಳ ಏನು ಸುಳ್ಳ ಹೇಳ್ತೈತೇನು ಅಂತ.”

ಗುರುಪಾದಯ್ಯ ಲೇಖನಿಯನ್ನು ಕೆಳಗಿಟ್ಟ. ಮೊದಲ ಸಲ ಹೋದಾಗ ನೇಯ್ದವರ ಹೆಬ್ಬೆಟ್ಟಿನ ಗುರುತಿಲ್ಲವೆಂದು ತಿರುಗಿಸಿದ್ದರು. ಅದನ್ನೂ ಅವನು ಮೊದಲೇ ಹೇಳಿದ್ದ. ಹೇಳುವುದು ಅವನ ಕೆಲಸ, ಕೇಳದಿರುವುದು ಜನರ ಕೆಲಸ ಎಂದು ಹಂಚಿಕೆಯಾದಂತಿತ್ತು.

ದೊಡ್ಡ ಯುದ್ಧ ಮುಗಿದ ಮರುವರ್ಷ ಅದು. ಭೀಮಾ ಹೊಳೆಯ ಈಚೆಗೆ ಇಂಗ್ರೇಜಿ ಸರಕಾರ, ಆಚೆಗೆ ನಿಜಾಮನ ಸರಕಾರ. ಎರಡೂ ದಂಡೆಯಲ್ಲಿ ಅದೇ ಜೋಳ, ಅದೇ ಮಾತು, ಅದೇ ಬೀಗರು. ಆದರೆ ಮಾರುವ ಮಾಲು ಆಚೆಗೆ ಹೋಗಬೇಕಾದರೆ ಕರೋಡಗಿರಿ ಎಂಬ ಸುಂಕದ ನಾಕಾದಲ್ಲಿ ನಿಲ್ಲಬೇಕು. ಮಾಲಿನ ಬೀಜಕ ಉರ್ದುವಿನಲ್ಲಿರಬೇಕು. ಯಾರದು, ಎಷ್ಟು, ಎಷ್ಟುದ್ದ, ಏನು ಬೆಲೆ ಎಂದು ನಾಲ್ಕು ಮನೆಗಳು; ಒಂದು ಮನೆ ಖಾಲಿ ಬಿಟ್ಟರೂ ಗಾಡಿ ತಿರುಗಬೇಕು. ಆ ಮನೆಗಳನ್ನು ತುಂಬಿಕೊಡುವುದರಲ್ಲಿ ಗುರುಪಾದಯ್ಯನ ಇಪ್ಪತ್ತೆರಡು ವರ್ಷ ಕಳೆದಿತ್ತು.

ಅವನದು ಬಬಲೇಶ್ವರದ ಜಂಗಮರ ಮನೆ. ತಂದೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಕಂತಿ ಭಿಕ್ಷೆಗೆ ಹೋಗುತ್ತಿದ್ದರು. ಜೋಳಿಗೆಗೆ ಬಿದ್ದದ್ದನ್ನು ಎಣಿಸಬಾರದು, ಅಳೆಯಬಾರದು, ಕೊಟ್ಟ ಕೈ ಯಾವುದೆಂದು ನೋಡಲೂಬಾರದು ಎಂಬುದು ಅವರ ನೇಮ. ಮಗನಿಗೆ ಮಾತ್ರ ಎಣಿಸುವ ಚಟ. ಹದಿನಾರಕ್ಕೆ ವಿಜಾಪುರಕ್ಕೆ ಬಂದವನಿಗೆ ಗೋಳಗುಮ್ಮಟದ ನೆರಳಿನಲ್ಲಿ ಊದಿನಕಡ್ಡಿ ಮಾರುತ್ತಿದ್ದ ಮಶಾಕಸಾಬ ಉರ್ದು ಕಲಿಸಿದ. ಪಾಟಿ ಇರಲಿಲ್ಲ. ಬೆರಳನ್ನು ನೀರಿನಲ್ಲಿ ಅದ್ದಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮುದುಕ ಬರೆಯುತ್ತಿದ್ದ. ಅದು ಆರಿಹೋಗುವುದರೊಳಗೆ ಹುಡುಗ ಓದಬೇಕು. ಬೇಸಿಗೆಯಲ್ಲಿ ಒಂದು ಶಬ್ದದ ಕೊನೆ ಬರೆಯುವಷ್ಟರಲ್ಲಿ ಮೊದಲ ಅಕ್ಷರ ಮಾಯವಾಗಿರುತ್ತಿತ್ತು. ಆ ಕಲ್ಲಿನ ಮೇಲೆ ಕಲಿತ ಒಂದೇ ಪಾಠ ಅವನಲ್ಲಿ ಆರದೆ ಉಳಿಯಿತು: ಕಾಗದದಲ್ಲಿದ್ದದ್ದು ಗಂಟಿನಲ್ಲಿರಬೇಕು, ಗಂಟಿನಲ್ಲಿದ್ದದ್ದು ಕಾಗದದಲ್ಲಿರಬೇಕು.

ಈಗ ಅವನ ಮುಂದೆ ಅರವತ್ತು ಕಂಬಳಿಗಳಿದ್ದವು. ಯುದ್ಧ ಇರುವತನಕ ದಂಡಿಗೆಂದು ಗುತ್ತಿಗೆದಾರರು ಟಿಕೋಟದ ಕಂಬಳಿಗಳನ್ನು ಹೊತ್ತುಕೊಂಡು ಹೋಗಿದ್ದರು. ಯುದ್ಧ ನಿಂತ ಮೇಲೆ ಆರು ಮನೆಗಳ ಮಗ್ಗ ನಿಂತಿದ್ದವು. ಕಲಬುರ್ಗಿಯ ವ್ಯಾಪಾರಿ ಶಿವಯೋಗೆಪ್ಪ ಒಂದು ಮಾತು ಹೇಳಿ ಕಳಿಸಿದ್ದ. ಛಟ್ಟಿ ಅಮಾಸಿಯೊಳಗೆ ಅರವತ್ತು ಕಂಬಳಿ ಸರಿಯಾದ ಕಾಗದದೊಂದಿಗೆ ಮುಟ್ಟಿದರೆ ಮುಂದೆ ಪ್ರತಿ ವರ್ಷ ಟಿಕೋಟದ ಮಾಲೆಲ್ಲ ತನ್ನದು. ಇಲ್ಲವಾದರೆ ಗಿರಣಿಯ ಮಾಲು ಇದ್ದೇ ಇದೆ. ಅಮಾಸಿಗೆ ಇನ್ನು ಹನ್ನೊಂದು ದಿನ.

“ಗಾಡಿ ಹೊಡಿ,” ಎಂದ ಗುರುಪಾದಯ್ಯ, ಹೆಗಲ ಶೆಲ್ಯ ಕೊಡವಿ ಏಳುತ್ತ. “ಈ ಸಲ ನಾನs ಅಳಿತೀನಿ, ನಾನs ಎಣಸ್ತೀನಿ, ನಾನs ನಿನ್ನ ಜೋಡಿ ಬರ್ತೀನಿ.”

ಇಟ್ಟಂಗಿಹಾಳದ ಹೊಲಗಳನ್ನು ದಾಟಿ ಟಿಕೋಟ ಮುಟ್ಟಿದಾಗ ಸಿದ್ದರಾಯನ ಅಂಗಳದಲ್ಲಿ ಹುಣಸೆಬೀಜದ ಗಂಜಿಯ ವಾಸನೆ ತುಂಬಿತ್ತು. ಗಂಜಿ ಕುಡಿದ ಕರಿಯ ಕಂಬಳಿಗಳು ಬಿಸಿಲಲ್ಲಿ ಸೆಟೆದು ಮಲಗಿದ್ದವು. ಸಿದ್ದರಾಯನ ತಾಯಿ ಹೊಳೆವ್ವ ಉಣ್ಣೆಯ ದಾರ ಪೋಣಿಸಿದ ದಬ್ಬಣ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಗುರುಪಾದಯ್ಯ ಕಬ್ಬಿಣದ ಗಜ ಇಟ್ಟು ಗಾಡಿಯಿಂದ ಇಳಿಸಿದ ಒಂದೊಂದು ಕಂಬಳಿಯನ್ನೂ ಅಳೆದ. ಇಪ್ಪತ್ತರಂತೆ ಮೂರು ಗುಂಪು ಮಾಡಿ ಎರಡೆರಡು ಸಲ ಎಣಿಸಿದ.

“ಹೊಳೆವ್ವಾ, ನೋಡಬೇ. ಒಂದೊಂದು ಗಂಟಿನ್ಯಾಗ ಇಪ್ಪತ್ತು. ಇಪ್ಪತ್ತಂದ್ರ ಇಪ್ಪತ್ತ.”

“ಇಪ್ಪತ್ತ ಐತ್ರಿ ಅಯ್ಯಾರ. ನಮಗೇನು ಲೆಕ್ಕ ಬರಂಗಿಲ್ಲೇನ್ರಿ?”

“ಬರ್ತೈತಿ. ಅದಕ್ಕs ನನಗ ಹೆದರಿಕಿ.”

ಮುದುಕಿ ನಕ್ಕಳು. ಗುರುಪಾದಯ್ಯ ಅಂದು ಬಬಲೇಶ್ವರಕ್ಕೆ ಹೋಗಿ, ಮನೆಯಲ್ಲಿ ತಿಳಿಸಿ, ಮರುದಿನ ಬಂದ. ಅಷ್ಟರಲ್ಲಿ ಮೂರೂ ಗಂಟುಗಳ ಬಾಯಿ ಹೊಲಿದಾಗಿತ್ತು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬಿಚ್ಚಿ ನೋಡಲು ಅವನಿಗೇ ಮನಸ್ಸಾಗಲಿಲ್ಲ. ಬದುಕಿನಲ್ಲಿ ಒಮ್ಮೆ ಎಣಿಸದೆ ಬಿಟ್ಟಿದ್ದು ಅದೇ.

ನಾಲ್ಕನೇ ದಿನ ಗಾಡಿ ಹೊಳೆಗೆ ಇಳಿಯಿತು. ನೀರು ಅಚ್ಚಿನ ಮಟ್ಟಕ್ಕಿತ್ತು. ಆಚೆ ದಂಡೆಯ ಮೇಲೆ ನಾಕಾದ ಗುಡಿಸಲು, ಅಡ್ಡಗಟ್ಟಿದ ಬೊಂಬು, ಹೊರಗೆ ಮೇಜು. ಮೇಜಿನ ಹಿಂದೆ ಕಾಸಿಮಸಾಬ. ಲಂಚ ಮುಟ್ಟದ, ಹಾಗೆಯೇ ರಿಯಾಯಿತಿಯನ್ನೂ ಮುಟ್ಟದ ಮನುಷ್ಯ. ಮೊದಲು ಅವನು ಇಬ್ಬರ ಹೆಗಲನ್ನೂ ನೋಡಿದ.

“ಹೊದ್ದ ಕಂಬಳಿ ಎರಡು. ಇವಕ್ಕ ಸುಂಕಿಲ್ಲ. ಬರಕೋತೀನಿ, ತಿರುಗಿ ಬರೂವಾಗ ತೋರಿಸ್ಬೇಕು,” ಎಂದು ದಫ್ತರದಲ್ಲಿ ಬರೆದ. ಆಮೇಲೆ ಬೀಜಕ ನೋಡಿದ. “ಅಯ್ಯಾರ ಕಾಗದ ಅಂದ್ರ ನಾ ಗಂಟ ಬಿಚ್ಚಾವಲ್ಲ. ಆದ್ರ ಎರಡ ಸಲ ತಿರುಗಿದ ಮಾಲು, ಬಿಚ್ಚಬೇಕಾಗ್ತೈತಿ.”

“ಬಿಚ್ಚ್ರಿ, ಬಿಚ್ಚ್ರಿ,” ಎಂದ ಗುರುಪಾದಯ್ಯ, ಎದೆ ಸ್ವಲ್ಪ ಮುಂದೆ ಮಾಡಿ.

ಮೊದಲ ಗಂಟಿನಲ್ಲಿ ಇಪ್ಪತ್ತೊಂದು ಕಂಬಳಿಗಳಿದ್ದವು. ಎರಡನೆಯದರಲ್ಲಿ ಇಪ್ಪತ್ತೊಂದು. ಮೂರನೆಯದನ್ನು ಎಣಿಸುವಾಗ ಗುರುಪಾದಯ್ಯ ಹೊಳೆಯ ಕಡೆಗೆ ಮುಖ ತಿರುಗಿಸಿದ.

“ಸಿದ್ದರಾಯಾ,” ಎಂದ, ಬಹಳ ಮೆಲ್ಲಗೆ. “ಏನೋ ಇದು?”

“ಅವು ಮಾಲಲ್ರಿ ಅಯ್ಯಾರ, ಮ್ಯಾಲ ಪುಕ್ಕಟ ಕೊಡೂವು. ಕೊಸರ.” ಸಿದ್ದರಾಯನಿಗೆ ನಿಜಕ್ಕೂ ಅಚ್ಚರಿಯಾಗಿತ್ತು. “ಗಂಟಿಗೊಂದು ಕೊಸರ ಹಾಕಲಾರದ ಮಾರಾಕ ಬರ್ತೈತೇನ್ರಿ? ಕೊಸರಿಲ್ಲದ ಗಂಟು ಹೆಣದ ಗಂಟು ಅಂತಾಳ ನಮ್ಮವ್ವ.”

“ಎಣಸೂಮುಂದ ಯಾಕ ಹೇಳಲಿಲ್ಲೋ, ಮಾರಾಯಾ?”

“ನೀವು ಮಾಲು ಎಷ್ಟಂತ ಕೇಳಿದ್ರಿ. ಮಾಲು ಇಪ್ಪತ್ತs ಐತಿ.”

ಕಾಸಿಮಸಾಬ ಗಡ್ಡ ಕೆರೆದುಕೊಂಡ. “ಬರೀಲಾರದ ತಂದ ಮಾಲಿಗೆ ಕಾನೂನು ಅಂದ್ರ ಜಪ್ತಿ. ಇವನ್ನೂ ಹೆಗಲ ಮ್ಯಾಲೆ ಹಾಕ್ಕೊಂಡು ಬಂದಿದ್ರ ಬರಕೊಂಡು ಬಿಟ್ಟಬಿಡ್ತಿದ್ನೆಲ್ಲ.”

“ಇಬ್ಬರಿಗೆ ಐದು ಕಂಬಳಿ?”

“ಚಳಿ ಐತೆಲ್ರಿ.” ಅವನ ಮುಖದಲ್ಲಿ ನಗು ಇರಲಿಲ್ಲ. “ಈಗ ಎಣಿಸಿಬಿಟ್ಟೀನಿ, ಇಲ್ಲ ಅನ್ನಾಕ ಬರಂಗಿಲ್ಲ. ನಿಮ್ಮ ಇಪ್ಪತ್ತು ವರ್ಷದ ಕಾಗದಕ್ಕ ಮರ್ಯಾದಿ ಕೊಟ್ಟು ಒಂದ ಮಾತು ಹೇಳ್ತೀನಿ. ಅರವತ್ತಮೂರು ಅಂತ ಹೊಸಾ ಬೀಜಕ ಬರೀರಿ. ಮೂರರ ಬೆಲೆ ಹಾಕ್ರಿ.”

ಗುರುಪಾದಯ್ಯ ಅಲ್ಲೇ ಕೂತು ಬರೆದ. ಯಾರದು, ಎಷ್ಟು, ಎಷ್ಟುದ್ದ. ನಾಲ್ಕನೇ ಮನೆಗೆ ಬಂದಾಗ ಸಿದ್ದರಾಯ ಅವನ ಕೈ ಹಿಡಿದ.

“ಬೆಲೆ ಬರೀಬ್ಯಾಡ್ರಿ ಅಯ್ಯಾರ. ಬೆಲೆ ಬರದ್ರ ಅದು ಕೊಸರ ಹ್ಯಾಂಗಾಗ್ತೈತಿ?”

“ಬರೀಲಾರದ ಬಿಟ್ರ ಗಾಡಿ ಹ್ಯಾಂಗ ಹೋಗ್ತೈತಿ?” ಗುರುಪಾದಯ್ಯನ ದನಿ ಮೊದಲ ಸಲ ಏರಿತು. “ಗಜ ಅಂದ್ರ ಮೊಳ ಅಂತೀರಿ. ಇಪ್ಪತ್ತಂದ್ರ ಇಪ್ಪತ್ತೊಂದು ತರ್ತೀರಿ. ಈಗ ಬೆಲೆ ಇಲ್ಲ ಅಂತೀರಿ! ಆರು ಮಗ್ಗ ನಿಮ್ಮ ಊರಾಗ ನಿಂತಾವು, ನನ್ನ ಊರಾಗಲ್ಲ. ಹೇಳು, ಬರೀಲೋ, ಬಿಡಲೋ?”

ಸಿದ್ದರಾಯ ಕೈ ಬಿಟ್ಟ. ಅವನು ಹೋಗಿ ಎತ್ತಿನ ಕೊರಳ ಹತ್ತಿರ ನಿಂತ. ಗುರುಪಾದಯ್ಯ ಮೂರು ಕಂಬಳಿಗಳಿಗೂ ಉಳಿದವಕ್ಕೆ ಹಾಕಿದ ಬೆಲೆಯನ್ನೇ ಹಾಕಿದ. ಎಣಿಸದ ಜೋಳಿಗೆಯ ತಂದೆ ಯಾಕೋ ನೆನಪಾದರು. ಶಾಯಿ ಎಂದಿಗಿಂತ ತಡವಾಗಿ ಆರಿತು.

ಅಮಾಸಿಗೆ ಮೂರು ದಿನ ಇರುವಾಗ ಅವರು ಕಲಬುರ್ಗಿ ಮುಟ್ಟಿದರು. ಶಿವಯೋಗೆಪ್ಪ ಕಂಬಳಿಗಳನ್ನು ಮುಟ್ಟಿ, ಮಡಚಿ, ಮೂಸಿ ನೋಡಿದ. ಒಪ್ಪಿಗೆಯಾಯಿತು. ಅರವತ್ತಮೂರಕ್ಕೂ ಹಣ ಎಣಿಸತೊಡಗಿದಾಗ ಸಿದ್ದರಾಯ ತಡೆದ.

“ಅರವತ್ತಕ್ಕ ಸಾಕ್ರಿ ಧಣೀರ. ಮೂರು ಕೊಸರ ಅದಾವು.”

“ಎಲ್ಲಿ ಕೊಸರಪ್ಪಾ?” ಶಿವಯೋಗೆಪ್ಪ ಬೀಜಕದ ಮೇಲೆ ನಾಕಾದವರು ಒತ್ತಿದ ಶಿಕ್ಕಾ ತೋರಿಸಿದ. “ಕರೋಡಗಿರಿಯವರು ಅಂಗಡಿಗೆ ಬಂದು ಇದಕ್ಕ ನನ್ನ ಲೆಕ್ಕದ ಕೀರ್ದಿ ಕೂಡಿಸಿ ನೋಡ್ತಾರ. ಅರವತ್ತಮೂರು ಕೊಂಡೀನಿ ಅಂತ ತೋರಿಸ್ಲಿಲ್ಲ ಅಂದ್ರ ನನ್ನ ಹಿಡೀತಾರ. ಇವು ಮಾಲು. ಮಾಲಿಗೆ ಹಣ ಕೊಟ್ಟೆ.” ಹಣವನ್ನು ಮುಂದಕ್ಕೆ ಸರಿಸಿದ. ಆಮೇಲೆ ಬೀಜಕ ಮಡಚಿದ. “ಹಂಗಾರ ನನ್ನ ಕೊಸರ ಎಲ್ಲಿ? ಕೊಸರ ಕೊಡಲಾರದ ಊರಿನ ಜೋಡಿ ವರ್ಷಾ ವ್ಯಾಪಾರ ಮಾಡೂದು ಹ್ಯಾಂಗ?”

ಗುರುಪಾದಯ್ಯನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹೊಳೆಯ ಈಚೆಗೂ ಆಚೆಗೂ ಇವರೆಲ್ಲ ಒಂದೇ ಎಂದು ಅವನು ಮರೆತಿದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ಸಿದ್ದರಾಯ ತನ್ನ ಹೆಗಲ ಕಂಬಳಿ ತೆಗೆದು, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಿಂದ ಮುಂದಿಟ್ಟಿದ್ದ. ಹಳೆಯ ಕಂಬಳಿ. ಅವನ ಮದುವೆಯಲ್ಲಿ ಹಾಸಲೆಂದು ಹೊಳೆವ್ವ ನೂಲು ತೆಗೆದು, ಈಗ ಇಲ್ಲದ ಅವನ ತಂದೆ ನೇಯ್ದದ್ದು. ಶಿವಯೋಗೆಪ್ಪ ಅದನ್ನು ಹಣೆಗೆ ಮುಟ್ಟಿಸಿ ಒಳಗೆ ಇಡಿಸಿದ.

“ಮುಂದಿನ ವರ್ಷ ಎಷ್ಟು ನೇಯ್ತೀರೋ ಅಷ್ಟೂ ತರ್ರಿ,” ಎಂದ.

ತಿರುಗಿ ಬರುವ ದಾರಿಯಲ್ಲಿ ಸಿದ್ದರಾಯ ಧೋತರದ ಸೆರಗು ಹೊದ್ದು ನಡುಗುತ್ತ ಹಾಡು ಗುನುಗುತ್ತಿದ್ದ. ಗುರುಪಾದಯ್ಯ ತನ್ನ ಕಂಬಳಿಯ ಅರ್ಧ ಅವನಿಗೆ ಹೊದಿಸಿದ. ನಾಕಾದ ಬೊಂಬು ಕಾಣಿಸುವತನಕ ಅವನಿಗೂ ಅದು ಹೊಳೆದಿರಲಿಲ್ಲ.

ಕಾಸಿಮಸಾಬ ದಫ್ತರ ತೆರೆದ. “ಹೋಗೂವಾಗ ಹೊದ್ದ ಕಂಬಳಿ ಎರಡು. ಬರೂವಾಗ ಒಂದು.” ತಲೆ ಎತ್ತಿದ. “ಇನ್ನೊಂದು ಮಾರಿದ್ರಿ?”

“ಮಾರಿಲ್ರಿ. ಕೊಸರ ಕೊಟ್ಟೀವಿ,” ಎಂದ ಸಿದ್ದರಾಯ, ಹೆಮ್ಮೆಯಿಂದ.

ಗುರುಪಾದಯ್ಯ ಕಣ್ಣು ಮುಚ್ಚಿದ.

“ಅಂದ್ರ ಆಚೆ ದೇಶದ ಕಂಬಳಿ ನಮ್ಮ ದೇಶದಾಗ ಉಳೀತು. ಸುಂಕ ಇಲ್ಲದ.” ಕಾಸಿಮಸಾಬ ಒಂದು ಹೊಸ ಕಾಗದ ಸರಿಸಿದ. “ಬರೀರಿ ಅಯ್ಯಾರ.”

ಯಾರದು, ಎಷ್ಟು, ಎಷ್ಟುದ್ದ. ನಾಲ್ಕನೇ ಮನೆಯಲ್ಲಿ ಲೇಖನಿ ನಿಂತಿತು. ಹಳೆಯದು, ಹರಿದದ್ದು, ನಾಲ್ಕಾಣೆ ಎಂದು ಬರೆದಿದ್ದರೆ ಮುಗಿದೇ ಹೋಗುತ್ತಿತ್ತು. ಬೇರೆ ಯಾರದೇ ಆಗಿದ್ದರೂ ಅವನು ಹಾಗೆಯೇ ಬರೆಯುತ್ತಿದ್ದ. ಇದಕ್ಕೆ ಮಾತ್ರ ಅವನ ಕೈ ಒಪ್ಪಲಿಲ್ಲ. ಅರವತ್ತಮೂರರಲ್ಲಿ ಯಾವುದಕ್ಕೂ ಹಾಕದಷ್ಟು ಬೆಲೆಯನ್ನು ಅವನು ಆ ಒಂದಕ್ಕೆ ಹಾಕಿದ, ಸುಂಕವನ್ನು ತನ್ನ ಸೊಂಟದ ಚೀಲದಿಂದಲೇ ತೆಗೆದಿಟ್ಟ.

“ಎಷ್ಟ ಬರದ್ರಿ ಅಯ್ಯಾರ?” ಎಂದು ಕೇಳಿದ ಸಿದ್ದರಾಯ.

“ನಿನಗ್ಯಾಕ? ಎತ್ತ ಹೂಡು.”

ಕಾಸಿಮಸಾಬ ಓದಿದ. ಇನ್ನೊಮ್ಮೆ ಓದಿದ. “ಹೊದ್ದು ಸವೆದ ಕಂಬಳಿಗೆ ಇಷ್ಟು ಬೆಲೆ? ಕಡಿಮಿ ಬರಿಯೋರನ್ನ ದಿನಾ ನೋಡ್ತೀನಿ. ಹೆಚ್ಚಿಗಿ ಬರಿಯೋರನ್ನ ನೋಡಿಲ್ಲ.” ಕಾಗದವನ್ನು ಮೆಲ್ಲಗೆ ತಿರುಗಿ ಕೊಟ್ಟ. “ಹೆಚ್ಚಿಗಿ ಬರದ್ರೂ ಕಾನೂನಿನ್ಯಾಗ ತಪ್ಪ ಐತ್ರಿ. ಇಷ್ಟು ಯಾಕಂತ ಕೆಳಗ ಕಾರಣ ಬರೀಬೇಕು.”

ತಮ್ಮ ಕಡೆಯ ದಂಡೆ ಅಲ್ಲೇ, ಒಂದು ಕೂಗಳತೆಯಲ್ಲಿ ಕಾಣುತ್ತಿತ್ತು. ಹೂಡಿದ ಎತ್ತುಗಳು ಮನೆಯ ದಾರಿ ಗುರುತಿಸಿ ಕೊರಳು ಆಡಿಸುತ್ತಿದ್ದವು. ಗುರುಪಾದಯ್ಯ ಉರ್ದುವಿನಲ್ಲಿ ಒಂದು ಶಬ್ದ ಹುಡುಕುತ್ತ, ಲೇಖನಿಯನ್ನು ಶಾಯಿಗೆ ಅದ್ದಿ, ಮತ್ತೆ ಅದ್ದಿ ಕೂತ.