ಕೊಡದೇ ಹೋದ ತಂತಿ

ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದುತ್ತಿದ್ದೆ. ಟಪಾಲಿನವನು ಬಾಗಿಲಲ್ಲಿ ಕೂಗಿದ. ಎಂಬತ್ತನೇ ಇಸವಿಯ ಆಚೀಚೆ, ಆಗ ನಾವು ದೇವದುರ್ಗದ ಹತ್ತಿರದ ಮಸರಕಲ್ಲಿನಲ್ಲಿದ್ದೆವು. ಮಿಲಿಟರಿಯಲ್ಲಿದ್ದ ಮೈದುನನ ಕಾಗದವೆಂದು ಹಿಟ್ಟಿನ ಕೈಯಲ್ಲೇ ಒಡೆದೆ. ಬರೆದವನು ಅವನಲ್ಲ, ಅವನ ಜೊತೆಗಿದ್ದ ಬಿಜಾಪುರ ಕಡೆಯ ಸಿಪಾಯಿ. "ನಿಮ್ಮ ಹುಡುಗ ಜೀವ ಕಳಕೊಳ್ಳಾಕ ಹೋಗಿದ್ದ. ನಾವು ನೋಡಿ ಹಿಡಕೊಂಡ್ವಿ. ದವಾಖಾನ್ಯಾಗ ಅದಾನ, ಉಳದಾನ. ಮನಿಯವರು ಯಾರರ ಬರ್ರಿ."

ದೇವರು ದೊಡ್ಡವನು, ಆ ಗಳಿಗೆಗೆ ಇನ್ನೊಬ್ಬ ಹುಡುಗನ ಕಣ್ಣು ಅತ್ತ ಹಾಯಿಸಿದ. ಮೈದುನ ಇವತ್ತು ಮೂರು ಮಕ್ಕಳ ತಂದೆ. ಆದರೂ ನನ್ನ ಸಿಟ್ಟು ಆರಿಲ್ಲ.

ಆ ಕಾಗದಕ್ಕೆ ಎರಡು ತಿಂಗಳ ಮೊದಲು ಅವನೇ ಬರೆದಿದ್ದ: "ಯಕ್ಕಾ, ನಿದ್ದಿ ಬರವಲ್ದು. ರಜಾ ಕೇಳಿದ್ರ ಸಾಹೇಬ ಬೈತಾನ. ಅವ್ವಗ ಭಾಳ ಜಡ್ಡಾಗೇದ ಅಂತ ಒಂದು ತಂತಿ ಕೊಡಸು." ಸಿಪಾಯಿಗಳ ಮನೆಗಳಲ್ಲಿ ಇದೇನು ಹೊಸದಲ್ಲ. ದೇವದುರ್ಗದ ಅಂಚೆ ಕಚೇರಿಯಲ್ಲಿ ಎಷ್ಟು ಗಟ್ಟಿಮುಟ್ಟಾದ ತಾಯಂದಿರು ತಂತಿಯೊಳಗೆ ಹಾಸಿಗೆ ಹಿಡಿದಿದ್ದರೋ!

ನಮ್ಮತ್ತೆ ಒಪ್ಪಲಿಲ್ಲ. "ಗುಂಡಕಲ್ಲಿನಂಗ ಅದೀನಿ. ಜಡ್ಡಂತ ಬರಸಿದ್ರ ನೀರಮಾನ್ವಿ ಎಲ್ಲಮ್ಮ ಅದನ್ನ ಖರೇನ ಮಾಡ್ತಾಳ" ಎಂದರು. ಯಜಮಾನರು ನಕ್ಕರು: "ಬಂದೂಕು ಹಿಡಿಯೋ ಕೈಲೆ ಅವ್ವನ ಸೆರಗು ಹಿಡೀತಾನಂತ!"

"ಇಲ್ಲಿ ಎಲ್ಲರೂ ಕ್ಷೇಮ, ಧೈರ್ಯದಿಂದ ಇರು" ಎಂದು ಉತ್ತರ ಬರೆದವಳು ನಾನೇ. ಮನೆಯಲ್ಲಿ ಓದುಬರಹ ಬಲ್ಲ ಹೆಂಗಸು ನಾನೊಬ್ಬಳೇ. ಬಲ್ಲವಳಾಗಿ ಏನು ಬಂತು? ನಿದ್ದೆ ಬರುತ್ತಿಲ್ಲ ಎಂದವನಿಗೆ, ಯಾಕಪ್ಪಾ ಎಂದು ಒಂದು ಸಾಲು ಕೇಳಲಿಲ್ಲ.

ಆ ದಿನ ನಾನು ಕಾಗದ ಓದಿ ಹೇಳಿದ್ದೇ ಅತ್ತೆ ಎದೆ ಬಡಿದುಕೊಂಡರು. "ನಾ ಸತ್ತೀನಂತ ಬರಿ ಬೇ, ನನ್ನ ಕೂಸು ಬರ್ಲಿ!"

"ಈ ಮಾತು ಎರಡು ತಿಂಗಳ ಹಿಂದ ಬರಬೇಕಿತ್ತ್ರೀ" ಎಂದೆ. ಅವರಿಗೆ ಎದುರಾಡಿದ್ದು ಅದೇ ಮೊದಲು.

ಹೊಲದಿಂದ ಬಂದ ಯಜಮಾನರು "ಊರಾಗ ಏನಂತಾರ..." ಎಂದು ಶುರು ಮಾಡಿದರು.

"ಊರಿಗೆ ಬೆಂಕಿ ಬೀಳ್ಲಿ! ಜನರ ಬಾಯಿಗೆ ಹೆದರಿ ನಿಮ್ಮ ತಮ್ಮನ್ನ ಕಳಕೊಳ್ತೀರೇನು? ರಾಯಚೂರಾಗ ರೈಲು ನೀವು ಹತ್ತತೀರೋ, ನಾ ಹತ್ತಲೋ?"

ಅವರು ಅಂಗಿ ತೊಟ್ಟರು. ರಾಯಚೂರಿಗೆ ಹೋಗುವ ಮಧ್ಯಾಹ್ನದ ಬಸ್ಸು ಇನ್ನೂ ಬಂದಿರಲಿಲ್ಲ, ಅದೂ ದೇವರ ದಯೆಯೇ. ಬಾಗಿಲವರೆಗೆ ಹೋಗಿ ಹೇಳಿದೆ: "ಬೈಬ್ಯಾಡ್ರಿ. ಬುದ್ಧಿ ಹೇಳಬ್ಯಾಡ್ರಿ. ಬಾಜೂಕ ಕುಂತು, ಅಂವ ಹೇಳಿದ್ದು ಕೇಳ್ರಿ."

ತಲೆಯಾಡಿಸಿ ಹೋದರು. ಕೊಡಗಳಲ್ಲಿ ನೀರು ಒಂದು ಹನಿ ಇರಲಿಲ್ಲ. ಸಿಂಬೆ ತಲೆಯ ಮೇಲಿಟ್ಟುಕೊಂಡು ಕೊಡ ಹಿಡಿದು ಬಾವಿಗೆ ನಡೆದೆ.