ಸ್ಕ್ರೂ ಅಣ್ಣ ಅಂಟಿಸಿದ ಲೇಬಲ್

ಓಣಿಯವರು ಅವನನ್ನು ಸ್ಕ್ರೂ ಅಣ್ಣ ಎಂದೇ ಕರೆಯುತ್ತಿದ್ದರು. ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅವನ ಕಸುಬು. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಬಾಟಲಿ ಮುಚ್ಚಳದಲ್ಲಿ ಇಡುವವನು, ಒಂದು ಕಳೆದರೆ ಊಟ ಬಿಟ್ಟು ಹುಡುಕುವವನು. ತನ್ನ ಕೆಲಸದಲ್ಲಿ ತಪ್ಪಾಯಿತು ಎಂದು ಅವನು ಹೇಳಿದ್ದನ್ನು ಕೇಳಿದವರಿಲ್ಲ. ತಪ್ಪೇ ಆಗುತ್ತಿರಲಿಲ್ಲ ಎಂದಲ್ಲ, ಒಪ್ಪಿಕೊಳ್ಳುವ ಜಾಯಮಾನ ಅವನದಾಗಿರಲಿಲ್ಲ.

ಅಂಗಡಿಯಲ್ಲಿ ಜೊತೆಗೆ ತಮ್ಮನೂ ಕೂರುತ್ತಿದ್ದ. ತೊಂಬತ್ತರ ದಶಕದ ಮಾತಿದು. ಹಡಗಿನಲ್ಲಿ ದುಡಿಯುತ್ತಿದ್ದ ಸೋದರಮಾವ ಎರಡು ಇಂಗ್ಲಿಷ್ ಕ್ಯಾಸೆಟ್ ತಂದುಕೊಟ್ಟ. ಒಂದು ಒಯಾಸಿಸ್, ಇನ್ನೊಂದು ಬ್ಲರ್. ಬ್ರಿಟನ್ನಿನ ಈ ಎರಡು ಗಿಟಾರ್ ತಂಡಗಳಲ್ಲಿ ಯಾವುದು ಮೇಲೆಂದು ಅಲ್ಲಿನವರೇ ಎರಡು ಬಣವಾಗಿದ್ದ ಕಾಲ. ಬಿಸಿಲಿಗೆ ಕ್ಯಾಸೆಟ್ ಡಬ್ಬಿಗಳು ಸೊಟ್ಟಗಾಗಿದ್ದವು. ಸ್ಕ್ರೂ ಅಣ್ಣ ಎರಡನ್ನೂ ಒಟ್ಟಿಗೇ ಬಿಚ್ಚಿ, ಟೇಪಿನ ಸುರುಳಿಗಳನ್ನು ಹೊಸ ಡಬ್ಬಿಗಳಲ್ಲಿ ಕೂರಿಸಿ, ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದ. ಅಣ್ಣನ ಪಾಲಿಗೆ ಬ್ಲರ್ ಬಂತು, ತಮ್ಮನ ಪಾಲಿಗೆ ಒಯಾಸಿಸ್.

ಅಂದಿನಿಂದ ದಿನಾ ಜಟಾಪಟಿ. "ನನ್ನ ಬ್ಲರ್‌ನೋರು ಬಾರಿಸಿದ್ರೆ ಗೋಡೆ ಅದುರುತ್ತೆ ಕಣೋ."

"ಅಬ್ಬರ ಮಾಡಿದ್ರೆ ಆಯ್ತಾ? ನನ್ನ ಒಯಾಸಿಸ್‌ನೋರು ತುಂಟರು. ಅರ್ಥ ಆಗದಿದ್ರೂ ನಗು ಬರುತ್ತೆ."

ಒಬ್ಬನ ಕ್ಯಾಸೆಟ್ ಹಾಕಿದರೆ ಇನ್ನೊಬ್ಬ ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಜಗಳದಲ್ಲಿ ಪ್ರೀತಿಯೇ ಹೆಚ್ಚಿತ್ತು.

ಒಂದು ದಿನ ತಮ್ಮ ಕ್ಷೌರದಂಗಡಿಯಿಂದ ಅರ್ಧ ಗಡ್ಡದಲ್ಲೇ ಓಡಿಬಂದ. ಅಲ್ಲಿನ ರೇಡಿಯೋದಲ್ಲಿ ತನ್ನ ಕ್ಯಾಸೆಟ್ಟಿನ ಹಾಡೇ ಬಂದಿತ್ತು, ಹಾಡಿದವರು ಬ್ಲರ್ ಎಂದು ಹೇಳಿದ್ದರು.

"ಅಣ್ಣಾ, ಲೇಬಲ್ ಅದಲುಬದಲಾಗಿದೆ. ಇಷ್ಟು ದಿನ ನಿನ್ನ ತಂಡವನ್ನ ನಾನು, ನನ್ನ ತಂಡವನ್ನ ನೀನು ಹೊಗಳಿದ್ದೀವಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಣ್ಣನೂ ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿಗೆ ಇಬ್ಬರು ಗಿರಾಕಿಗಳು ಕೂತಿದ್ದರು.

"ನನ್ನ ಕೆಲಸಕ್ಕೆ ಹೆಸರಿಡೋಕೆ ನೀನ್ಯಾರು? ಒಂದು ಸ್ಕ್ರೂ ನೆಟ್ಟಗೆ ತಿರುಗಿಸೋಕೆ ಬರಲ್ಲ. ನನ್ನ ಅನ್ನ ತಿಂದ್ಕೊಂಡು ನನಗೇ ಪಾಠ ಹೇಳ್ತೀಯಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ತನ್ನ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಇಳಿದುಹೋದ. ಊರಾಚೆ ತಗಡು ಒತ್ತುವ ಕಾರ್ಖಾನೆಗೆ ಸೇರಿದ.

ಅಂದೇ ಸಂಜೆ ಸ್ಕ್ರೂ ಅಣ್ಣ ಹಳೆಯ ಕವರುಗಳ ಹಾಡಿನ ಪಟ್ಟಿ ಮುಂದಿಟ್ಟುಕೊಂಡು ತನ್ನ ಕ್ಯಾಸೆಟ್ ಹಾಕಿದ. ಬ್ಲರ್ ಪಟ್ಟಿಯ ಒಂದು ಹಾಡೂ ಅದರಲ್ಲಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆಗೆ ಇಪ್ಪತ್ತು ವರ್ಷ ಕಳೆಯಿತು. ಮದುವೆ, ಸಾವು ಎಂದು ಎದುರಾದಾಗ "ಚೆನ್ನಾಗಿದ್ದೀಯಾ" ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು.

ಮೊನ್ನೆ ತಮ್ಮನ ಮಗಳು ಅಂಗಡಿಗೆ ಬಂದಳು. ಕೈಯಲ್ಲಿ ಅದೇ ಕ್ಯಾಸೆಟ್.

"ದೊಡ್ಡಪ್ಪ, ಟೇಪ್ ತುಂಡಾಗಿದೆ. ನಿಮ್ಮ ಹತ್ರಾನೇ ಕೊಡ್ಬೇಕಂತೆ."

"ಈಗಲೂ ಕೇಳ್ತಾನಾ ಇದನ್ನ?"

"ಎಲ್ಲಿಂದ ಕೇಳ್ತಾರೆ? ಕಾರ್ಖಾನೆ ಸದ್ದಿಗೆ ಕಿವಿ ಪೂರ್ತಿ ಹೋಯ್ತಲ್ಲ. ಸುಮ್ನೆ ನೆಟ್ಟಗಿರ್ಲಿ ಅಂತ. ಲೇಬಲ್ ಮಾತ್ರ ಮುಟ್ಟಬೇಡಿ ಅಂದಿದ್ದಾರೆ, ಅಣ್ಣನ ಅಕ್ಷರ ಅಂತೆ."

ಸ್ಕ್ರೂ ಅಣ್ಣ ಲೇಬಲ್ ನೋಡಿದ. ಮಾಸಿದ ಶಾಯಿಯಲ್ಲಿ 'ಒಯಾಸಿಸ್' ಎಂದೇ ಇತ್ತು. ಸುಳ್ಳೆಂದು ಗೊತ್ತಿದ್ದೂ ತಮ್ಮ ಅದನ್ನು ತಿದ್ದಿರಲಿಲ್ಲ. ಸ್ಕ್ರೂ ಅಣ್ಣನಿಗೆ ನಾಚಿಕೆಯಾಯಿತು. ಟೇಪನ್ನು ಜೋಡಿಸಿ, ಬಾಗಿಲು ಹಾಕಿ, ತಾನೇ ತಮ್ಮನ ಮನೆಗೆ ಹೊರಟ.

ತಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಸ್ಕ್ರೂ ಅಣ್ಣ ಕ್ಯಾಸೆಟ್ಟನ್ನು ಅವನ ಕೈಗಿಟ್ಟು, "ಅವತ್ತು ನೀನು ಹೇಳಿದ್ದೇ ಸರಿ ಕಣೋ. ತಪ್ಪು ನನ್ನದು" ಎಂದ.

"ಏನಂದೆ?"

"ತಪ್ಪು ನನ್ನದು."

"ಆಂ?"

ಸ್ಕ್ರೂ ಅಣ್ಣ ಗಂಟಲು ಹರಿಯುವಂತೆ ಕೂಗಿದ. ಎದುರುಮನೆಯ ಕಿಟಕಿ ತೆರೆಯಿತು, ಮೂಲೆ ಅಂಗಡಿಯವನು ತಿರುಗಿ ನೋಡಿದ. ಅಂದು ಇಬ್ಬರೆದುರು ಆಡಲಾಗದ ಮಾತನ್ನು ಇಂದು ಬೀದಿಯೆಲ್ಲ ಕೇಳಿಸಿಕೊಂಡಿತು.

ತಮ್ಮ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಲೇಬಲ್ಲಿನ ಮೇಲೆ ಹೆಬ್ಬೆರಳು ಸವರಿ, ಕಿವುಡರ ಜೋರು ದನಿಯಲ್ಲಿ ಹೇಳಿದ: "ಟೇಪ್ ಚೆನ್ನಾಗಿ ಕೂರಿಸಿದ್ದೀಯಣ್ಣ. ನಿನ್ನ ಕೆಲಸದಲ್ಲಿ ತಪ್ಪಾಗಲ್ಲ ಬಿಡು."